ಗೇಟಿನ ಹೊರಗೆ ನಿಲ್ಲಬೇಕಿದ್ದ ಕಾರು: ಒಂದು ಶಂಕಿತ ಹಂದಿ ಜ್ವರದ ಪ್ರಕರಣ

ಪೊರ್ಬುಗಳ ಮನೆಗೆ ಮೊದಲ ದಿನ ಹೋದಾಗ ಕಾರನ್ನು ಗೇಟಿನ ಹೊರಗೇ ನಿಲ್ಲಿಸಿದ್ದರೆ ಈ ಪ್ರಕರಣದ ಅರ್ಧ ಭಾಗ ಬರೆಯಬೇಕಾಗಿರಲಿಲ್ಲ. ನಿಲ್ಲಿಸಲಿಲ್ಲ. ಆಟಿ ತಿಂಗಳ ಮಳೆ, ಅಂಗಳದವರೆಗೂ ಕಾರು ಹೋಗುತ್ತದೆ. ಕೊಡೆ ಹಿಡಿದು ಕೆಸರಲ್ಲಿ ಯಾಕೆ ನಡೆಯುವುದು ಅಂತ ಹಂದಿಗೂಡಿನಿಂದ ಹದಿನೈದು ಹೆಜ್ಜೆ ದೂರದವರೆಗೂ ಓಡಿಸಿಕೊಂಡೇ ಹೋದೆ.

ಉಡುಪಿ ಜಿಲ್ಲೆಯ ಪೂರ್ವಕ್ಕೆ, ಘಟ್ಟದ ಬುಡದ ಕಡೆಯ ಒಂದು ಹಳ್ಳಿ ಇದು. ಊರಿನ ಹೆಸರು ಹೇಳುವುದಿಲ್ಲ. ಹಂದಿ ಸಾಕುವವರು ಊರಿಗೆ ಒಬ್ಬರೋ ಇಬ್ಬರೋ ಇರುವುದು, ಊರು ಹೇಳಿದರೆ ಮನೆ ಹೇಳಿದ ಹಾಗೇ. ಪೊರ್ಬುಗಳು ಅನ್ನುವುದೂ ಹೆಸರಲ್ಲ. ನಮ್ಮ ಕಡೆ ಕ್ರೈಸ್ತ ಮನೆಯ ಹಿರಿಯರನ್ನು ಹಾಗೆ ಕರೆಯುತ್ತೇವೆ. ಅವರ ಮನೆಯಾಕೆಯನ್ನು ಎಲ್ಲರೂ ಬಾಯಿ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಒಟ್ಟು 46 ಹಂದಿ: ಐದು ಹೆಣ್ಣು, ಒಂದು ಬೀಜದ ಗಂಡು, ಉಳಿದದ್ದೆಲ್ಲ ಮರಿ ಮತ್ತು ಮಾರಾಟಕ್ಕೆ ಬೆಳೆಯುತ್ತಿರುವವು. ಆಹಾರಕ್ಕೆ ಪೇಟೆಯ ಎರಡು ಹೋಟೆಲ್ ಮತ್ತು ಒಂದು ಹಾಸ್ಟೆಲಿನಿಂದ ನೀಲಿ ಡ್ರಮ್ಮಿನಲ್ಲಿ ಬರುವ ಕಲಗಚ್ಚು.

ನಾನು ಸರ್ಕಾರಿ ಪಶುವೈದ್ಯ. ಕೆಲಸಕ್ಕೆ ಸೇರಿ ಮೂವತ್ತು ವರ್ಷ ಆಗುತ್ತಾ ಬಂತು. ಈ ಪ್ರಕರಣವನ್ನು ಬರೆದಿಡುವುದಕ್ಕೆ ಕಾರಣ ಅದರಲ್ಲಿ ದೊಡ್ಡ ರೋಗ ಸಿಕ್ಕಿತು ಅಂತ ಅಲ್ಲ. ಸಿಗಲಿಲ್ಲ. ಸಿಗದೇ ಇದ್ದಾಗ ಏನೆಲ್ಲ ಆಗುತ್ತದೆ ಅನ್ನುವುದನ್ನು ನಮ್ಮ ಇಲಾಖೆಯ ಹೊಸ ಹುಡುಗರಿಗೆ ಯಾರೂ ಹೇಳಿಕೊಡುವುದಿಲ್ಲ, ಅದಕ್ಕೆ.

ಮೊದಲ ಫೋನ್

"ಡಾಕ್ಟ್ರೇ, ಎರಡು ಮರಿ ಹೋಯ್ತು. ಉಳಿದವಕ್ಕೆ ಭೇದಿ. ಒಮ್ಮೆ ಬಂದು ನೋಡಿ ಹೋಗ್ತೀರಾ?"

ಮಳೆಗಾಲದಲ್ಲಿ ಮರಿಗೆ ಭೇದಿ ಆಗುವುದು ಹೊಸ ವಿಷಯ ಅಲ್ಲ. ಗೂಡು ಒದ್ದೆ, ನೆಲ ತಂಪು, ತಾಯಿಯ ಮೊಲೆಯಲ್ಲೂ ಕೆಸರು. ಹೋದೆ, ನೋಡಿದೆ. ನಾಲ್ಕೈದು ಮರಿ ಒಂದರ ಮೇಲೊಂದು ಬಿದ್ದುಕೊಂಡು ನಡುಗುತ್ತಿದ್ದವು. ಒಂದಕ್ಕೆ ಥರ್ಮಾಮೀಟರ್ ಇಟ್ಟೆ, 104. ಹಂದಿಗೆ 102ರ ಆಸುಪಾಸು ಸಾಮಾನ್ಯ, ಆದ್ದರಿಂದ ಅದು ಜ್ವರವೇ. ಆಂಟಿಬಯೋಟಿಕ್ ಚುಚ್ಚಿದೆ. ನೆಲಕ್ಕೆ ಒಣ ಹುಲ್ಲು ಹಾಕಿ ಅಂದೆ. ಬಾಯಿ ಕೊಟ್ಟ ಚಹಾ ಕುಡಿದೆ.

ಕೇಳಬೇಕಾದ ಒಂದು ಪ್ರಶ್ನೆ ಕೇಳಲಿಲ್ಲ: ಈಚೆಗೆ ಹೊರಗಿನಿಂದ ಹಂದಿ ತಂದಿದ್ದೀರಾ? ಯಾವ ಪಶುವೈದ್ಯಕೀಯ ಕಾಲೇಜಿನಲ್ಲೂ ಹುಡುಗರಿಗೆ ಕಲಿಸುವ ಪ್ರಶ್ನೆ ಅದು.

ಅಲ್ಲಿಂದ ಸೀದಾ ಆರು ಕಿಲೋಮೀಟರ್ ದೂರದ ಇನ್ನೊಂದು ಫಾರಂಗೆ ಹೋದೆ. ಗಲ್ಫ್‌ನಿಂದ ವಾಪಸ್ ಬಂದ ಹುಡುಗ ಒಬ್ಬ ಸಾಲ ಮಾಡಿ ಶುರು ಮಾಡಿದ್ದು. ಹನ್ನೊಂದು ಗಂಡು ಮರಿಗಳ ಬೀಜ ತೆಗೆಯುವುದಿತ್ತು. ಕತ್ತಿ ಬೇರೆ, ಗ್ಲೌಸ್ ಬೇರೆ. ಬೂಟು ಅದೇ. ಹೊರಡುವ ಮೊದಲು ನಲ್ಲಿಯ ಕೆಳಗೆ ಹಿಡಿದು ತೊಳೆದಿದ್ದೆ, ಅಷ್ಟೇ. ಕಾರಿನ ಚಕ್ರಕ್ಕೆ ಪೊರ್ಬುಗಳ ಅಂಗಳದ ಕೆಂಪು ಕೆಸರು ಮೆತ್ತಿಕೊಂಡೇ ಇತ್ತು.

ನಾಲ್ಕನೇ ದಿನ

ಬೆಳಿಗ್ಗೆ ಆರಕ್ಕೆ ಫೋನ್.

"ಡಾಕ್ಟ್ರೇ, ಇವತ್ತು ನಾಲ್ಕು ಒಟ್ಟಿಗೆ ಹೋಯ್ತು. ದೊಡ್ಡದೂ ಉಂಟು ಅದರಲ್ಲಿ."

"ಕಿವಿ ಹೇಗುಂಟು ಪೊರ್ಬುಗಳೇ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೇರಳೆ ಹಣ್ಣು ತಿಂದ ಮಕ್ಕಳ ನಾಲಗೆ ಉಂಟಲ್ಲ, ಹಾಗೆ."

ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಮರಿ ಸತ್ತರೆ ಭೇದಿ ಅನ್ನಬಹುದು. ಎಲ್ಲ ವಯಸ್ಸಿನವೂ ಸತ್ತು, ಕಿವಿ ಮತ್ತು ಹೊಟ್ಟೆಯ ಚರ್ಮ ನೇರಳೆ ಆದರೆ ನಮಗೆ ಮೊದಲು ನೆನಪಾಗುವುದು ಆಫ್ರಿಕನ್ ಹಂದಿ ಜ್ವರ.

ಈ ರೋಗದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕೀನ್ಯಾದಲ್ಲಿ ಇದನ್ನು ಮೊದಲು ಗುರುತಿಸಿ ಬರೆದದ್ದು 1921ರಲ್ಲಿ. 2007ರಲ್ಲಿ ಜಾರ್ಜಿಯಾ, 2018ರಲ್ಲಿ ಚೀನಾ, 2020ರಲ್ಲಿ ನಮ್ಮ ಅಸ್ಸಾಂ ಮತ್ತು ಅರುಣಾಚಲ. 2022ರ ಜುಲೈನಲ್ಲಿ ಕೇರಳದ ವಯನಾಡಿಗೆ ಬಂತು. ನಾನು ಹೇಳುತ್ತಿರುವುದು ಅದರ ಮರುವರ್ಷದ ಮಾತು. ವಯನಾಡು ಅಂದರೆ ನಮಗೆ ದೂರದ ಊರಲ್ಲ. ಹಂದಿ ತುಂಬಿದ ಪಿಕಪ್ ರಾತ್ರಿ ಹೊರಟರೆ ಬೆಳಿಗ್ಗೆ ಇಲ್ಲಿರುತ್ತದೆ. ರೋಗಕ್ಕೆ ಔಷಧಿ ಇಲ್ಲ, ನಮ್ಮಲ್ಲಿ ಲಸಿಕೆಯೂ ಇಲ್ಲ. ಗೂಡಿಗೆ ನುಗ್ಗಿದರೆ ನೂರಕ್ಕೆ ನೂರು ಸಾಯುವುದೂ ಉಂಟು. ಮನುಷ್ಯರಿಗೆ ಬರುವುದಿಲ್ಲ. ಈ ಕೊನೆಯ ಮಾತೇ ಅವತ್ತು ನನ್ನನ್ನು ಪೇಚಿಗೆ ಸಿಕ್ಕಿಸಿತು.

ಇನ್ನೊಂದು ತೊಡಕೂ ಇದೆ. ಹಳೆಯ ಹಂದಿ ಜ್ವರ, ಅಂದರೆ ಕ್ಲಾಸಿಕಲ್ ಸ್ವೈನ್ ಫೀವರ್, ನೋಡಲು ಹೆಚ್ಚುಕಡಿಮೆ ಹೀಗೇ. ವೈರಸ್ ಪೂರಾ ಬೇರೆ, ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಜ್ವರ, ನೇರಳೆ ಕಿವಿ, ಹಿಂಗಾಲು ತೂರಾಡುವುದು ಎಲ್ಲ ಒಂದೇ. ಲ್ಯಾಬಿನ ಪಿಸಿಆರ್ ಪರೀಕ್ಷೆ ಇಲ್ಲದೆ ಯಾವ ಡಾಕ್ಟರೂ ಕಣ್ಣಲ್ಲಿ ನೋಡಿ ಹೇಳಲಾರ. ಹೇಳಿದರೆ ನಂಬಬೇಡಿ.

ಈ ಸಲ ಕಾರನ್ನು ರಸ್ತೆಯಲ್ಲೇ ಬಿಟ್ಟೆ. ಗೇಟಿನ ಹತ್ತಿರ ಬಂದರೆ ಅಲ್ಲೊಂದು ಪಿಕಪ್. ಮೂರು ಹಂದಿ ಆಗಲೇ ಹತ್ತಿಸಿ ಆಗಿದೆ. ವ್ಯಾಪಾರಿ ಹಗ್ಗ ಬಿಗಿಯುತ್ತಿದ್ದಾನೆ.

ಪೊರ್ಬುಗಳು ನನ್ನ ಮುಖ ನೋಡಲಿಲ್ಲ. ಅವರನ್ನು ಬೈಯುವುದು ಸುಲಭ. ಆದರೆ ಅವರ ಲೆಕ್ಕ ನೋಡಿ. ಇವತ್ತು ನಿಂತಿರುವ ಹಂದಿಗೆ ಇವತ್ತು ಬೆಲೆ ಉಂಟು. ನಾಳೆ ಅದೇ ಹಂದಿಯನ್ನು ಹೂಳಲು ಅವರೇ ದುಡ್ಡು ಕೊಡಬೇಕು. ಶನಿವಾರ ಒಂದು ಮನೆಯಲ್ಲಿ ರೋಸ್, ಮದುವೆಯ ಹಿಂದಿನ ದಿನದ ಶಾಸ್ತ್ರ. ಅದಕ್ಕೆ ಮುಂಗಡ ತೆಗೆದುಕೊಂಡಾಗಿದೆ. ಹಾಗಿದ್ದರೂ ಬೆಳಿಗ್ಗೆ ಆರಕ್ಕೆ ನನಗೆ ಫೋನ್ ಮಾಡಿದ್ದು ಅವರೇ, ಅಲ್ವಾ?

"ಇದು ಮನುಷ್ಯರಿಗೆ ಬರುವ ರೋಗವಾ?" ವ್ಯಾಪಾರಿ ಕೇಳಿದ.

"ಇಲ್ಲ."

"ಮತ್ತೆಂತ ತೊಂದರೆ ನಿಮಗೆ?"

ಸುಳ್ಳು ಹೇಳಬಹುದಿತ್ತು. ಮನುಷ್ಯರಿಗೂ ಬರುತ್ತದೆ ಅಂದಿದ್ದರೆ ಪಿಕಪ್ ಎರಡು ನಿಮಿಷದಲ್ಲಿ ಖಾಲಿ. ಮೂರನೇ ದಿನಕ್ಕೆ ಜಿಲ್ಲೆಯಲ್ಲಿ ಹಂದಿ ಮಾಂಸದ ಅಂಗಡಿಯೂ ಖಾಲಿ, ಆಮೇಲೆ ಇಲಾಖೆಯ ಮಾತನ್ನು ಯಾರೂ ನಂಬುವುದಿಲ್ಲ. ಆದ್ದರಿಂದ ಇದ್ದದ್ದನ್ನೇ ಹೇಳಿದೆ. ಮಾಂಸದಲ್ಲಿ ವೈರಸ್ ಇರುತ್ತದೆ. ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಸಾಯುವುದಿಲ್ಲ. ಸರಿಯಾಗಿ ಬೇಯಿಸಿದರೆ ಸಾಯುತ್ತದೆ, ಬಾಫಾತ್ ಮಾಡಿ ತಿಂದವರಿಗೆ ಏನೂ ಆಗುವುದಿಲ್ಲ. ಆದರೆ ಮಾಂಸ ತೊಳೆದ ನೀರು, ತೆಗೆದು ಬಿಸಾಡಿದ ಚರ್ಮ, ಹಸಿ ಮೂಳೆ ಎಲ್ಲ ಕಲಗಚ್ಚಿಗೆ ಹೋಗುತ್ತದೆ. ಕಲಗಚ್ಚು ನೀಲಿ ಡ್ರಮ್ಮಿಗೆ. ಡ್ರಮ್ಮು ಇನ್ನೊಬ್ಬರ ಗೂಡಿಗೆ. ರೋಸಿನ ಅಡುಗೆಮನೆಯಿಂದ ಹತ್ತು ಗೂಡಿಗೆ ಒಂದೇ ರಾತ್ರಿಯಲ್ಲಿ.

ವ್ಯಾಪಾರಿ ಹಗ್ಗ ಬಿಡಲಿಲ್ಲ. ನಾನು ಕಾನೂನು ತೆಗೆದೆ. 2009ರ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪ್ರಕಾರ ಇಂಥ ರೋಗದ ಅನುಮಾನ ಬಂದರೆ ತಿಳಿಸುವುದು, ಕಾಯಿಲೆ ಬಿದ್ದದ್ದನ್ನು ಬೇರೆ ಕಟ್ಟುವುದು ಮಾಲೀಕರ ಹೊಣೆ. ಆದರೆ ಮಳೆಯಲ್ಲಿ ಒದ್ದೆಯಾಗಿ ನಿಂತ ಒಬ್ಬ ಡಾಕ್ಟರ ಬಾಯಲ್ಲಿ ಕಾನೂನಿಗೆ ಎಷ್ಟು ತೂಕ? ಲ್ಯಾಬಿನ ವರದಿ ಇಲ್ಲ, ಜಿಲ್ಲಾಧಿಕಾರಿಗಳ ಅಧಿಸೂಚನೆ ಇಲ್ಲ. ಜೇಬಲ್ಲಿ ಒಂದು ಪೆನ್ನು ಮಾತ್ರ.

ಕೊನೆಗೆ ತೀರ್ಮಾನ ಮಾಡಿದ್ದು ಬಾಯಿ. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಸಾಯುವ ಗೂಡಿನದ್ದನ್ನು ರೋಸಿನ ಮನೆಗೆ ಕೊಟ್ಟರು ಅಂತ ನಾಳೆ ಇಗರ್ಜಿಯಲ್ಲಿ ಯಾರಾದರೂ ಹೇಳಿದರೆ ನಾನು ಮುಖ ಎತ್ತುವುದು ಹೇಗೆ? ಇಳಿಸಿ ಅದನ್ನು."

ಇಳಿಸಿದರು. ಮುಂಗಡ ವಾಪಸ್ ಕೊಟ್ಟರು. ಪಿಕಪ್ಪಿನ ತೊಟ್ಟಿಯನ್ನು ಸೋಪು ಹಾಕಿ ತಿಕ್ಕಿಸಿ, ಆಮೇಲೆ ಕಾಸ್ಟಿಕ್ ಸೋಡಾ ನೀರು ಹೊಯ್ಯಿಸಿದೆ. ಈ ಕ್ರಮ ತಪ್ಪಬಾರದು. ಸಗಣಿ ಕೆಸರಿನ ಮೇಲೆ ಎಷ್ಟು ಬ್ಲೀಚಿಂಗ್ ಹೊಯ್ದರೂ ಅದು ಕೆಸರಿನ ಜೊತೆಗೇ ಜಗಳ ಆಡಿ ಮುಗಿದುಹೋಗುತ್ತದೆ, ವೈರಸ್ಸಿನವರೆಗೆ ತಲುಪುವುದೇ ಇಲ್ಲ.

ಹೊಂಡ

ಸತ್ತ ನಾಲ್ಕನ್ನು ಹೂಳಬೇಕು. ಪುಸ್ತಕದಲ್ಲಿ ಒಂದು ಸಾಲು: ಆಳವಾದ ಹೊಂಡ ತೋಡಿ, ಸುಣ್ಣ ಹಾಕಿ, ಮುಚ್ಚಿ. ಆ ಸಾಲು ಬರೆದವರು ಆಟಿ ತಿಂಗಳಲ್ಲಿ ಕರಾವಳಿಗೆ ಬಂದಿರಲಿಕ್ಕಿಲ್ಲ. ಇಲ್ಲಿ ತಗ್ಗಿನಲ್ಲಿ ಮೂರು ಅಡಿ ತೋಡಿದರೆ ನೀರು. ಗುಡ್ಡದ ಮೇಲೆ ಮೂರು ಅಡಿ ತೋಡಿದರೆ ಮುರಕಲ್ಲು. ಪ್ರತಿ ಮನೆಗೂ ಒಂದು ಬಾವಿ, ಕುಡಿಯುವುದು ಅದೇ ನೀರು.

ಮೊದಲು ಪೊರ್ಬುಗಳು ತೋರಿಸಿದ್ದು ತೋಟದ ಕೆಳಗಿನ ಮೂಲೆ. ಕೆಲಸದವರು ಗುದ್ದಲಿ ಹಾಕುತ್ತಿದ್ದ ಹಾಗೆ ಒರತೆ ಎದ್ದಿತು. ಇನ್ನೊಂದು ಜಾಗ, ಹಳೇ ಕಲ್ಲು ಕೋರೆ. ತೋಡುವ ಕೆಲಸವೇ ಇಲ್ಲ ಅಂತ ಎಲ್ಲರಿಗೂ ಖುಷಿ. ಆದರೆ ಕೋರೆಯ ನೀರು ಕಲ್ಲಿನ ಸಂದಿಯಲ್ಲಿ ಇಳಿದು ಯಾರ ಬಾವಿಗೆ ಹೋಗುತ್ತದೋ ಯಾರಿಗೆ ಗೊತ್ತು? ಬೇಡ ಅಂದೆ. ಕಡೆಗೆ ಗುಡ್ಡದ ಮೇಲೆ ಗೇರು ತೋಟದ ಅಂಚು ಸಿಕ್ಕಿತು. ಅಲ್ಲಿಗೆ ಯಾವ ಬಾವಿಯೂ ಹತ್ತಿರ ಇಲ್ಲ. ಜೆಸಿಬಿಯ ಬಕೆಟ್ಟಿಗೆ ಕಲ್ಲು ಬಗ್ಗಲಿಲ್ಲ, ಬ್ರೇಕರ್ ತರಿಸಿದೆವು. ಬೆಳಿಗ್ಗೆ ಶುರು ಮಾಡಿದ್ದು ಆರಡಿ ಆಗುವಾಗ ಮಧ್ಯಾಹ್ನ ಮೂರು ಗಂಟೆ.

ಗೂಡಿನ ಹತ್ತಿರ ಹೆಣ ಕೊಯ್ಯಬಾರದು. ರಕ್ತದ ಒಂದೊಂದು ಹನಿಯೂ ವೈರಸ್ಸಿನ ಡಬ್ಬಿ ಇದ್ದ ಹಾಗೆ. ಹೊಂಡದ ಅಂಚಿನಲ್ಲೇ ಪ್ಲಾಸ್ಟಿಕ್ ಹಾಸಿ, ಹೊಸತಾಗಿ ಸತ್ತ ಒಂದನ್ನು ಮಾತ್ರ ಕೊಯ್ದೆ. ನೋಡಬೇಕಾಗಿದ್ದು ಗುಲ್ಮ, ಅಂದರೆ ಸ್ಪ್ಲೀನ್. ಆಫ್ರಿಕನ್ ಜ್ವರದಲ್ಲಿ ಅದು ಎರಡು ಮೂರು ಪಾಲು ಊದಿ, ಕಪ್ಪಗಾಗಿ, ಬೆರಳಿಟ್ಟರೆ ಹಲ್ವಾದ ಹಾಗೆ ಒಡೆಯುತ್ತದೆ ಅಂತ ಓದಿದ್ದೆ. ಇಲ್ಲಿ ಗುಲ್ಮ ಅಷ್ಟೇನೂ ಊದಿರಲಿಲ್ಲ. ಅಂಚಿನಲ್ಲಿ ಮಾತ್ರ ಅಲ್ಲಲ್ಲಿ ಕಪ್ಪು ತುಂಡು, ಇಲಿ ಕಚ್ಚಿ ಬಿಟ್ಟ ಹಪ್ಪಳದ ಅಂಚಿನಂತೆ. ಮೂತ್ರಪಿಂಡದ ಮೇಲೆ ಸೂಜಿ ಚುಚ್ಚಿದ ಹಾಗೆ ಕೆಂಪು ಚುಕ್ಕೆಗಳು. ಇದು ಹಳೆಯ ಹಂದಿ ಜ್ವರದ ಕಡೆ ವಾಲುವ ಗುರುತು. ನನ್ನ ಜೊತೆಗಿದ್ದ ಜಾನುವಾರು ಅಧಿಕಾರಿ ನನ್ನ ಮುಖ ನೋಡಿ, "ಸರ್, ಬಚಾವಾ?" ಅಂದರು. ಬಚಾವೋ ಅಲ್ಲವೋ, ಇಲ್ಲಿಂದ ಮುಂದೆ ಆಫ್ರಿಕನ್ ಜ್ವರವೇ ಅಂದುಕೊಂಡು ಎಲ್ಲ ಮಾಡಬೇಕು ಅಂದೆ.

ಹೊಂಡ ಮುಚ್ಚಿ, ಸುಣ್ಣ ಹೊಯ್ದು, ಮೇಲೆ ಮುಳ್ಳಿನ ಗಿಡ ಹೇರಿದೆವು. ನಾಯಿ ಕೆದಕಬಾರದು, ಕಾಡುಹಂದಿಯಂತೂ ಹತ್ತಿರ ಬರಲೇಬಾರದು. ಕಾಡುಹಂದಿಗೆ ಈ ರೋಗ ತಗುಲಿದರೆ ಘಟ್ಟದಲ್ಲಿ ಅದರ ಹಿಂದೆ ಓಡುವವರು ಯಾರು?

ಬದುಕಿದ್ದವುಗಳಲ್ಲಿ ಎಂಟಕ್ಕೆ ಮೂತಿಗೆ ಹಗ್ಗ ಹಾಕಿ ರಕ್ತ ತೆಗೆದದ್ದು ಬೇರೆಯೇ ಯುದ್ಧ. ಕಿರುಚಾಟಕ್ಕೆ ಕಿವಿ ಎರಡು ದಿನ ಗುಂಯ್ ಅನ್ನುತ್ತಿತ್ತು. ನೇರಳೆ ಮುಚ್ಚಳದ ಟ್ಯೂಬು, ಗುಲ್ಮದ ತುಂಡು, ಎಲ್ಲವನ್ನೂ ಮೂರು ಪದರದಲ್ಲಿ ಸುತ್ತಿ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸಿನ ನಡುವೆ ಇಟ್ಟೆವು. ನಮ್ಮ ಡಿ ಗ್ರೂಪ್ ನೌಕರರು ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬೆಂಗಳೂರಿಗೆ ಹೋದರು. ಶಿರಾಡಿಯಲ್ಲಿ ಬಸ್ಸು ಎರಡು ಗಂಟೆ ನಿಂತಿತಂತೆ. ಐಸ್ ಕರಗೀತು ಅಂತ ಅವರು ಡಾಬಾದವನನ್ನು ಎಬ್ಬಿಸಿ ಐಸ್ ಕೇಳಿ ತಂದರು. ಪೆಟ್ಟಿಗೆಯಲ್ಲಿ ಮೀನಾ ಅಂತ ಡಾಬಾದವನು ಕೇಳಿದನಂತೆ. ಅಲ್ಲಿನ ಹೆಬ್ಬಾಳದ ಲ್ಯಾಬಿನಿಂದ ಮಾದರಿ ಭೋಪಾಲಕ್ಕೆ ಹೋಗಬೇಕು. ಇಂಥ ರೋಗಗಳ ಕೊನೆಯ ಮಾತು ಅಲ್ಲಿನ ಉನ್ನತ ಸುರಕ್ಷತೆಯ ರಾಷ್ಟ್ರೀಯ ಪ್ರಯೋಗಾಲಯದ್ದು.

ಪಟ್ಟಿ

ಮಾದರಿ ಕಳಿಸಿದ ರಾತ್ರಿ ಪೊರ್ಬುಗಳ ಜಗಲಿಯಲ್ಲಿ ಕೂತು ಪಟ್ಟಿ ಮಾಡಿದೆವು. ಹಿಂದಿನ ಮೂರು ವಾರದಲ್ಲಿ ಈ ಗೂಡಿಗೆ ಏನು ಬಂತು, ಇಲ್ಲಿಂದ ಏನು ಹೋಯಿತು. ಬಾಯಿ ಹಳೇ ಕ್ಯಾಲೆಂಡರ್ ತಂದರು. ಅದರಲ್ಲಿ ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ, ಪೂಜೆಯ ಲೆಕ್ಕ ಎಲ್ಲ ಬರೆದಿಟ್ಟಿದ್ದರು. ನಾನು ಕಂಡ ಅತ್ಯುತ್ತಮ ಫಾರಂ ದಾಖಲೆ ಅದು.

ಕಲಗಚ್ಚಿನ ಡ್ರಮ್ಮು, ದಿನಾ. ವ್ಯಾಪಾರಿಯ ಪಿಕಪ್, ಎರಡು ಸಲ. ಹೆಣ್ಣನ್ನು ಗಬ್ಬ ಕಟ್ಟಿಸಲು ಪಕ್ಕದ ಊರಿನಿಂದ ಬಂದವರು, ಒಂದು ಸಲ. ಆಮೇಲೆ ಬಾಯಿ ಒಂದು ಚೌಕದ ಮೇಲೆ ಬೆರಳಿಟ್ಟರು. "ಇಲ್ಲಿ ಆರು ಮರಿ ತಂದದ್ದು." ಹದಿನೆಂಟು ದಿನದ ಹಿಂದೆ, ಅದೇ ವ್ಯಾಪಾರಿಯಿಂದ, ಕಡಿಮೆ ಬೆಲೆಗೆ. ಎಲ್ಲಿಯ ಮರಿ ಅಂದರೆ "ಆಚೆ ಕಡೆಯದ್ದಂತೆ". ಮೊದಲು ಸತ್ತ ಎರಡು ಮರಿ ಆ ಆರರ ಪಕ್ಕದ ಗೂಡಿನವು. ಮೊದಲ ದಿನ ನಾನು ಕೇಳಬೇಕಿದ್ದ ಪ್ರಶ್ನೆಯ ಉತ್ತರ ಗೋಡೆಯ ಮೇಲೇ ತೂಗುತ್ತಿತ್ತು.

ಇನ್ನು, ಇಲ್ಲಿಂದ ಹೊರಗೆ ಹೋದದ್ದು. ಪೊರ್ಬುಗಳು ಸ್ವಲ್ಪ ಸಂಕೋಚದಿಂದ, "ಮತ್ತೆ... ನೀವು" ಅಂದರು. ಪುಸ್ತಕದಲ್ಲಿ "ಪಶುವೈದ್ಯರ ಭೇಟಿ" ಅಂತ ಬರೆದೆ. ಆಮೇಲೆ ಅದನ್ನು ಹೊಡೆದು ನನ್ನ ಹೆಸರು, ಕಾರಿನ ನಂಬರು, ಅಲ್ಲಿಂದ ಹೋದ ಫಾರಂ, ಸಮಯ ಎಲ್ಲ ಬರೆದೆ.

2012ರಲ್ಲಿ ಹೆಸರಘಟ್ಟದಲ್ಲಿ ಹಕ್ಕಿ ಜ್ವರ ಬಂದಾಗ ಹೋದ ತಂಡದಲ್ಲಿ ನಾನಿದ್ದೆ. ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ಅಂಗಿ, ಎರಡು ಜೊತೆ ಗ್ಲೌಸು, ಹೊರಬರುವಾಗ ಸ್ನಾನ. ಒಬ್ಬರಾದರೂ ಬೂಟು ಅದ್ದದೆ ದಾಟಲಿಲ್ಲ. ದೊಡ್ಡ ರೋಗ ಅಂತ ಬೋರ್ಡು ಹಾಕಿದ ಕಡೆ ಶಿಸ್ತು ತಾನಾಗಿ ಬರುತ್ತದೆ. ಮಳೆ ಬರುವ ಒಂದು ಸಾಮಾನ್ಯ ಮಂಗಳವಾರ, ಎರಡು ಮರಿಗೆ ಭೇದಿ ಆದ ಮನೆಗೆ ಹೋಗುವಾಗ ಬರುವುದಿಲ್ಲ. ರೋಗ ಹರಡುವುದು ಹೆಚ್ಚಾಗಿ ಅಂಥ ಮಂಗಳವಾರವೇ.

ಗಲ್ಫ್ ಹುಡುಗನಿಗೆ ಅವತ್ತೇ ರಾತ್ರಿ ಫೋನ್ ಮಾಡಿದೆ. ಹೀಗೀಗೆ, ನಾನು ಅಲ್ಲಿಂದ ಸೀದಾ ನಿಮ್ಮಲ್ಲಿಗೆ ಬಂದಿದ್ದೆ, ನನ್ನ ಬೂಟು, ನನ್ನ ಕಾರು, ಅಂತ ಬಿಡಿಸಿ ಹೇಳಿದೆ. ಆ ಕಡೆ ತುಂಬ ಹೊತ್ತು ಮಾತಿಲ್ಲ. ಆಮೇಲೆ, "ನಮಗೆ ಬೋರ್ಡು ಹಾಕ್ಲಿಕ್ಕೆ ಹೇಳಿದ್ದು ನೀವೇ ಅಲ್ವಾ ಡಾಕ್ಟ್ರೇ, ಹೊರಗಿನವರಿಗೆ ಪ್ರವೇಶ ಇಲ್ಲ ಅಂತ?" ಅಂದ. ಹೌದು ಅಂದೆ. ಹದಿನೈದು ದಿನ ಬೆಳಿಗ್ಗೆ ಸಂಜೆ ಜ್ವರ ನೋಡಿ ಥರ್ಮಾಮೀಟರಿನ ಫೋಟೋ ಕಳಿಸಿ ಅಂತ ಕೇಳಿಕೊಂಡೆ. ಕಳಿಸಿದ. ಒಂದು ದಿನವೂ ತಪ್ಪಿಸಲಿಲ್ಲ. ಫೋಟೋ ಬಿಟ್ಟು ಬೇರೆ ಒಂದಕ್ಷರವನ್ನೂ ಬರೆಯಲಿಲ್ಲ.

ಕಾಯುವ ದಿನಗಳು

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮನ್ನು ಹಳ್ಳಿ ಹಳ್ಳಿಗೆ ಓಡಿಸಿದ್ದು ರಿಂಡರ್‌ಪೆಸ್ಟ್ ಅನ್ನುವ ದನಗಳ ಮಾರಕ ರೋಗ ಹುಡುಕಲು. ದೇಶದಲ್ಲಿ ಅದರ ಕೊನೆಯ ಪ್ರಕರಣ 1995ರದ್ದು. ಅದಾದ ಮೇಲೂ ವರ್ಷಗಟ್ಟಲೆ ಮನೆ ಮನೆಗೆ ಹೋಗಿ "ಬಾಯಿ ಹುಣ್ಣು, ಭೇದಿ, ಕಣ್ಣಲ್ಲಿ ನೀರು ಇರುವ ದನ ಉಂಟಾ?" ಅಂತ ಕೇಳುತ್ತಿದ್ದೆವು. ಇಲ್ಲದ ರೋಗವನ್ನು ಹುಡುಕುವ ಕೆಲಸ. ಜನ ನಗುತ್ತಿದ್ದರು. 2006ರಲ್ಲಿ ಭಾರತಕ್ಕೆ ಸೋಂಕುಮುಕ್ತ ಅಂತ ಮಾನ್ಯತೆ ಸಿಕ್ಕಿತು, 2011ರಲ್ಲಿ ಇಡೀ ಜಗತ್ತಿನಿಂದಲೇ ಹೋಯಿತು. ಆ ಓಡಾಟದಲ್ಲಿ ನನಗೆ ಗೊತ್ತಾದ ವಿಷಯ ಒಂದು. ಕಾಯಿಲೆ ಬಿದ್ದ ದನವನ್ನು ನಮಗಿಂತ ಮೊದಲು ನೋಡುವವರು ಮನೆಯವರು. ಅವರು ಬಾಯಿ ಬಿಡದಿದ್ದರೆ ಇಲಾಖೆ ಕುರುಡು.

ನಮ್ಮ ಘಟ್ಟದ ಬುಡದಲ್ಲಿ ಕಾಡಿನಲ್ಲಿ ಮಂಗ ಸತ್ತರೆ ಫೋನ್ ಬರುತ್ತದೆ. 1957ರ ಕ್ಯಾಸನೂರಿನ ಮಂಗನ ಕಾಯಿಲೆಯಿಂದ ಶುರುವಾದ ಭಯ ಅದು, ಮನುಷ್ಯರ ಜೀವದ ಪ್ರಶ್ನೆ. ಹಂದಿ ಸತ್ತರೆ ಯಾರೂ ಫೋನ್ ಮಾಡುವುದಿಲ್ಲ. ಮಾಡಿದರೆ ಏನಾಗುತ್ತದೆ ಅಂತ ಪೊರ್ಬುಗಳು ಮುಂದಿನ ಐದು ದಿನ ನೋಡಿದರು.

ಕಲಗಚ್ಚು ನಿಲ್ಲಿಸಿ ಅಂದಿದ್ದೆ. ಕುದಿಸಿ ಕೊಡಬಹುದು, ಆದರೆ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಲಕುತ್ತಾ ಕುದಿಸಬೇಕು. ಎರಡು ಡ್ರಮ್ಮು ಕಲಗಚ್ಚನ್ನು ಮಳೆಗಾಲದ ಒದ್ದೆ ಸೌದೆಯಲ್ಲಿ ಕುದಿಸುವುದು ಯಾರು? ಆದ್ದರಿಂದ ತೌಡು, ಹಿಂಡಿ ಕೊಂಡು ತರಬೇಕಾಯಿತು. ಮಾರಾಟ ಇಲ್ಲ, ಖರ್ಚು ಇಮ್ಮಡಿ. ದಿನಾ ಒಂದೋ ಎರಡೋ ಸಾಯುತ್ತಿತ್ತು, ಒಟ್ಟು ಹದಿಮೂರಕ್ಕೆ ಹೋಯಿತು. ವಾಟ್ಸಾಪಿನಲ್ಲಿ "ಈ ಊರಿನ ಹಂದಿ ಮಾಂಸ ತಿನ್ನಬೇಡಿ" ಅಂತ ಒಂದು ಮೆಸೇಜು ಓಡಾಡಿತು. ಹಾಲಿನ ಡೈರಿಯಲ್ಲಿ ಪೊರ್ಬುಗಳ ಕ್ಯಾನು ಮುಟ್ಟಲು ಯಾರೋ ಹಿಂದೆಮುಂದೆ ನೋಡಿದರಂತೆ. ದನಕ್ಕೂ ಈ ರೋಗಕ್ಕೂ ಸಂಬಂಧವೇ ಇಲ್ಲ, ಅದನ್ನು ಹೇಳಲು ನಾನು ಡೈರಿಗೆ ಹೋಗಿ ಎಲ್ಲರ ಎದುರು ನಿಂತು ಅವರದೇ ಹಾಲಿನಲ್ಲಿ ಮಾಡಿದ ಚಹಾ ಕುಡಿದೆ. ಸ್ವಲ್ಪ ನಾಟಕ ಅನ್ನಿ. ಕೆಲಸ ಮಾಡಿತು.

"ಈ ತೌಡಿನ ದುಡ್ಡು ಯಾರು ಕೊಡುವುದು ಡಾಕ್ಟ್ರೇ?" ಏಳನೇ ದಿನ ಪೊರ್ಬುಗಳು ಕೇಳಿದರು. ಜಗಳಕ್ಕಲ್ಲ, ನಿಜವಾಗಿ ಕೇಳಿದ್ದು. ನನಗೆ ಗೊತ್ತಿದ್ದ ಉತ್ತರ ಹೇಳಲು ನಾಲಗೆ ಏಳಲಿಲ್ಲ.

ವರದಿ

ಒಂಬತ್ತನೇ ದಿನ ಸಂಜೆ ವರದಿ ಬಂತು. ಆಫ್ರಿಕನ್ ಹಂದಿ ಜ್ವರ: ಇಲ್ಲ. ಕ್ಲಾಸಿಕಲ್ ಹಂದಿ ಜ್ವರ: ಇದೆ.

ಫೋನಿನಲ್ಲಿ ಮೇಲಿನವರ ದನಿಯಲ್ಲಿ ನಿರಾಳ. ಒಂದು ಕಿಲೋಮೀಟರ್ ಸುತ್ತಲಿನ ಹಂದಿಯನ್ನೆಲ್ಲ ಕೊಲ್ಲುವುದಿಲ್ಲ, ಹತ್ತು ಕಿಲೋಮೀಟರಿನ ನಿಗಾ ವಲಯ ಇಲ್ಲ, ಪತ್ರಿಕೆಯವರು ಇಲ್ಲ. ನನಗೂ ಒಂದು ಕ್ಷಣ ಉಸಿರು ಬಂತು. ಆಮೇಲೆ ಕೂತು ಯೋಚಿಸಿದರೆ ಈ ವರದಿ ನನಗೆ ಜಾಸ್ತಿ ಅವಮಾನದ್ದು. ಆಫ್ರಿಕನ್ ಜ್ವರ ಆಗಿದ್ದರೆ ಲಸಿಕೆ ಇಲ್ಲದ ರೋಗ, ಯಾರೇನು ಮಾಡಲಾಗುತ್ತದೆ ಅನ್ನಬಹುದಿತ್ತು. ಇದಕ್ಕೆ ಲಸಿಕೆ ಇದೆ. ಸರ್ಕಾರವೇ ಕೊಡುತ್ತದೆ. ಪೊರ್ಬುಗಳ ಹಂದಿಗಳಿಗೆ ಆ ವರ್ಷ ಹಾಕಿರಲಿಲ್ಲ.

ಯಾಕೆ ಹಾಕಿರಲಿಲ್ಲ ಅನ್ನುವುದು ಸಣ್ಣ ಕಥೆ. ಜೀವಂತ ಲಸಿಕೆ, ಪುಡಿಯ ರೂಪದಲ್ಲಿ ಬರುತ್ತದೆ. ನೀರು ಬೆರೆಸಿದ ಮೇಲೆ ಕೆಲವೇ ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಒಂದು ಬಾಟಲಿಯಲ್ಲಿ ತುಂಬ ಹಂದಿಗೆ ಆಗುವಷ್ಟು ಇರುತ್ತದೆ. ನಮ್ಮಲ್ಲಿ ಇಲ್ಲೊಂದು ಮನೆ, ಗುಡ್ಡದ ಆಚೆ ಒಂದು ಮನೆ. ಎಲ್ಲರದ್ದೂ ಒಟ್ಟಿಗೆ ಒಂದು ದಿನ ಹಾಕಿಬಿಡೋಣ ಅಂತ ಮುಂದೂಡಿದೆ. ಆ ದಿನ ಕಾಲುಬಾಯಿ ರೋಗದ ಲಸಿಕೆ ಸುತ್ತು ಬಂತು. ಅದು ಮುಗಿಯುವಾಗ ಮಳೆ ಹಿಡಿಯಿತು. ಹೀಗೆ.

ಪೊರ್ಬುಗಳಿಗೆ ವರದಿ ಹೇಳಿದೆ. "ಹಾಗಾದರೆ ಒಳ್ಳೆಯದೇ ಅಲ್ವಾ?" ಅಂದರು. ಒಳ್ಳೆಯದು, ಆದರೆ ಹಣ ಇಲ್ಲ ಅಂದೆ. ಪರಿಹಾರ ಅಂತ ಇರುವುದು ರೋಗ ತಡೆಯಲು ಸರ್ಕಾರವೇ ಕೊಲ್ಲಿಸಿದ ಪ್ರಾಣಿಗೆ. ಆಫ್ರಿಕನ್ ಜ್ವರ ಅಂತ ಬಂದಿದ್ದರೆ ಉಳಿದ 33ನ್ನೂ ಕೊಲ್ಲುತ್ತಿದ್ದೆವು, ತೂಕದ ಲೆಕ್ಕದಲ್ಲಿ ದುಡ್ಡು ಬರುತ್ತಿತ್ತು, ಅರ್ಧ ಕೇಂದ್ರದ್ದು ಅರ್ಧ ರಾಜ್ಯದ್ದು. ರೋಗದಿಂದಲೇ ಸತ್ತ ಹದಿಮೂರಕ್ಕೆ ಆಗಲೂ ಇಲ್ಲ, ಈಗಲೂ ಇಲ್ಲ. ಕೊಂಡ ತೌಡಿಗೆ, ವಾಪಸ್ ಕೊಟ್ಟ ಮುಂಗಡಕ್ಕೆ, ಜೆಸಿಬಿಯ ಬಾಡಿಗೆಗೆ ಯಾವ ಕಾಗದದಲ್ಲೂ ಜಾಗ ಇಲ್ಲ. ಜೆಸಿಬಿಯ ದುಡ್ಡನ್ನು ನಾವು ಆಸ್ಪತ್ರೆಯವರು ಸೇರಿ ಕೊಟ್ಟೆವು. ಶಂಕೆಯ ಹಂತದಲ್ಲಿ ಬಾಗಿಲು ಮುಚ್ಚಿಕೊಂಡು ಕೂತವರಿಗೆ ಕನಿಷ್ಠ ಮೇವಿನ ಖರ್ಚಾದರೂ ಕೊಡಬೇಕು ಅಂತ ಒಂದು ಟಿಪ್ಪಣಿ ಬರೆದು ಮೇಲೆ ಕಳಿಸಿದೆ. ಫೈಲಿನಲ್ಲಿದೆ.

ಬಾಯಿ ಏನೂ ಹೇಳಲಿಲ್ಲ. ಒಳಗೆ ಹೋಗಿ ಆ ಕ್ಯಾಲೆಂಡರಿನಲ್ಲಿ ಏನೋ ಬರೆದರು.

ಮುಂದಿನ ವಾರ ಮೂರು ಬೆಳಗ್ಗೆ ಲಸಿಕೆ ಹಾಕಿದೆವು. ಸುತ್ತಿನ ಒಂಬತ್ತು ಮನೆಗೆ ಹಿಂದಿನ ರಾತ್ರಿಯೇ ಫೋನ್ ಮಾಡಿ ಹೊತ್ತು ಗೊತ್ತುಮಾಡಿಕೊಂಡೆವು, ಬಾಟಲಿ ತೆರೆದ ಮೇಲೆ ಎಲ್ಲೂ ಕಾಯಬಾರದು ಅಂತ. ಎರಡು ಜೊತೆ ಬೂಟು, ಒಂದು ಮನೆಯದ್ದು ಇನ್ನೊಂದು ಮನೆಗೆ ಹೋಗದ ಹಾಗೆ ಕಾಸ್ಟಿಕ್ ಸೋಡಾ ನೀರಲ್ಲಿ ಅದ್ದಿಟ್ಟು ಅದಲು ಬದಲು. ವರ್ಷಪೂರ್ತಿ ಆಗುವುದಿಲ್ಲ ಅಂದುಕೊಂಡಿದ್ದ ಕೆಲಸ ಮೂರು ಬೆಳಗ್ಗೆಯಲ್ಲಿ ಮುಗಿಯಿತು. ಗಲ್ಫ್ ಹುಡುಗನ ಹಂದಿಗಳಿಗೆ ಏನೂ ಆಗಲಿಲ್ಲ. ಅವನು ಗೇಟು ಮಾತ್ರ ತೆರೆಯಲಿಲ್ಲ. ಮರಿಗಳನ್ನು ಒಂದೊಂದಾಗಿ ಎತ್ತಿ ಗೇಟಿನ ಹತ್ತಿರ ತಂದು ಹಿಡಿದ, ನಾನು ಹೊರಗಿನಿಂದಲೇ ಚುಚ್ಚಿದೆ. ಸರಿಯಾಗಿಯೇ ಮಾಡಿದ.

ಅಲ್ಲಿಂದ ನಾಲ್ಕು ತಿಂಗಳು ಪೊರ್ಬುಗಳಿಂದ ಫೋನ್ ಇಲ್ಲ. ನಾನೇ ಎರಡು ಸಲ ಮಾಡಿದೆ. "ಎಲ್ಲ ಆರಾಮ" ಅಂದರು, ಅಷ್ಟೇ. ಇನ್ನು ಅವರ ಗೂಡಿನಲ್ಲಿ ಏನಾದರೂ ನನಗೆ ಗೊತ್ತಾಗುವುದಿಲ್ಲ ಅಂತ ಮನಸ್ಸಿನಲ್ಲಿ ಬರೆದುಕೊಂಡಾಗಿತ್ತು.

ಡಿಸೆಂಬರಿನ ಎರಡನೇ ವಾರ, ಬೆಳಿಗ್ಗೆ ಆರೂವರೆಗೆ ಅವರ ನಂಬರು. "ಡಾಕ್ಟ್ರೇ, ಒಂದು ಹೆಣ್ಣು ನಿನ್ನೆಯಿಂದ ತಿಂದಿಲ್ಲ. ಕಿವಿ ಸರಿ ಉಂಟು. ಜ್ವರ 103. ಹೊರಗಿನಿಂದ ಯಾವುದೂ ತಂದದ್ದಿಲ್ಲ." ನಾನು ಕೇಳುವ ಮೊದಲೇ ಮೂರಕ್ಕೂ ಉತ್ತರ.

ರಸ್ತೆಯಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ತೆಗೆದು ಬೂಟು ಹುಡುಕುತ್ತಿದ್ದೆ. ಪೊರ್ಬುಗಳು ಗೇಟಿನ ಹತ್ತಿರದ ಹಲಸಿನ ಮರದ ಕಡೆ ಕೈ ತೋರಿಸಿದರು. ಮರಕ್ಕೆ ಮೊಳೆ ಹೊಡೆದು ಒಂದು ಜೊತೆ ಹೊಸ ಗಮ್‌ಬೂಟು ತಲೆಕೆಳಗಾಗಿ ತೂಗುಹಾಕಿತ್ತು. ಕೆಳಗೆ ಬಕೆಟ್ಟು, ಬ್ರಶ್ಶು.

"ಅದು ನಿಮ್ಮದು. ಎಂಟು ನಂಬರ್ ಅಲ್ವಾ? ಬಾಯಿ ಅಂದಾಜಿನಲ್ಲಿ ತಂದದ್ದು," ಅಂದರು. "ನಿಮ್ಮ ಕಾರಿನದ್ದು ಕಾರಲ್ಲೇ ಇರಲಿ."